ಮಧ್ಯಯುಗದ ಜಪಾನಿನ ಬರ, ಯುದ್ಧ, ಭೂಕಂಪ: ಜನ ಸತ್ತಿದ್ದು ಮಳೆ ಕೈಕೊಟ್ಟಿದ್ದಕ್ಕಾ, ಅಕ್ಕಿ ಬರುವ ದಾರಿ ಮುಚ್ಚಿದ್ದಕ್ಕಾ?

ಹೊಳೆಸಾಲು

ಕಾಮೊ ನೊ ಚೋಮೆಯ್ ಎಂಬ ಸನ್ಯಾಸಿ 1212ರಲ್ಲಿ ಬರೆದ 'ಹೋಜೋಕಿ' ಓದಿ ಮುಗಿಸಿದೆ. ಪುಟ್ಟ ಪುಸ್ತಕ. ಆದರೆ ಅದರ ಮೊದಲರ್ಧ ತಲೆಯಿಂದ ಹೋಗುತ್ತಿಲ್ಲ. ತಾನು ಕಣ್ಣಾರೆ ಕಂಡ ಐದು ಅನಾಹುತಗಳನ್ನು ಅವನು ಒಂದೊಂದಾಗಿ ಹೇಳುತ್ತಾನೆ. 1177ರಲ್ಲಿ ಕ್ಯೋಟೋದ ಮೂರನೇ ಒಂದು ಭಾಗವನ್ನು ಸುಟ್ಟ ಬೆಂಕಿ. 1180ರ ಸುಂಟರಗಾಳಿ. ಅದೇ ವರ್ಷ ರಾಜಧಾನಿಯನ್ನೇ ಫುಕುಹಾರಾಗೆ, ಅಂದರೆ ಈಗಿನ ಕೋಬೆ ಇರುವ ಜಾಗಕ್ಕೆ, ಎತ್ತಿಕೊಂಡು ಹೋಗಿ ಮತ್ತೆ ವಾಪಸ್ ತಂದದ್ದು. 1181-82ರ ಬರ. 1185ರ ಭೂಕಂಪ.

ಬರದ ಭಾಗ ಓದುವುದು ಕಷ್ಟ. ಊರಿನವರು ಮನೆಯ ಬೆಲೆಬಾಳುವ ಸಾಮಾನನ್ನೆಲ್ಲ ಬೀದಿಗೆ ತಂದು ಮಾರಲು ನಿಲ್ಲುತ್ತಾರೆ. ಕೊಳ್ಳುವವರು ಸಿಕ್ಕರೂ ಚಿನ್ನ ಅಗ್ಗ, ನವಣೆ ತುಟ್ಟಿ. ಕೆಲವರು ತಮ್ಮ ಮನೆಯನ್ನೇ ಒಡೆದು ಸೌದೆ ಮಾಡಿ ಹೊತ್ತು ತರುತ್ತಾರೆ. ಒಂದು ಹೊರೆ ಸೌದೆ ಮಾರಿದರೆ ಒಂದು ದಿನದ ಊಟವೂ ಹುಟ್ಟುವುದಿಲ್ಲ. ಆ ಸೌದೆಯ ನಡುವೆ ಕೆಂಪು ಬಣ್ಣ, ಚಿನ್ನದ ತಗಡು ಅಂಟಿದ ತುಂಡುಗಳೂ ಕಾಣುತ್ತವೆ. ಯಾರೋ ಹಳೇ ದೇವಸ್ಥಾನಕ್ಕೆ ನುಗ್ಗಿ ಬುದ್ಧನ ಮೂರ್ತಿಗಳನ್ನೇ ಕದ್ದು ಒಡೆದಿದ್ದಾರೆ. ಗಂಡ ಹೆಂಡತಿ ಇಬ್ಬರಲ್ಲಿ ಯಾರಿಗೆ ಪ್ರೀತಿ ಜಾಸ್ತಿಯೋ ಅವರೇ ಮೊದಲು ಸಾಯುತ್ತಾರೆ, ಸಿಕ್ಕ ತುತ್ತನ್ನು ಇನ್ನೊಬ್ಬರಿಗೆ ಕೊಡುತ್ತಾರಲ್ಲ, ಅದಕ್ಕೆ. ಅದೇ ಕಾರಣಕ್ಕೆ ಮಕ್ಕಳಿಗಿಂತ ಮೊದಲು ತಂದೆತಾಯಿ.

ನನ್ನ ಪ್ರಶ್ನೆ ಇದು. 1180ರಿಂದ 1185ರವರೆಗೆ ಜಪಾನಿನಲ್ಲಿ ತೈರಾ ಮತ್ತು ಮಿನಾಮೊತೊ ಮನೆತನಗಳ ನಡುವೆ ಗೆಂಪೈ ಯುದ್ಧ ನಡೆಯುತ್ತಿತ್ತು. ಬರ ಬಂದದ್ದು ಸರಿಯಾಗಿ ಅದರ ನಡುವೆ. ಚೋಮೆಯ್ ಯುದ್ಧದ ಬಗ್ಗೆ ಏನನ್ನೂ ಹೇಳುವುದಿಲ್ಲ. ಎಲ್ಲವೂ ಗಾಳಿ, ಮಳೆ, ಬೆಂಕಿ, ನೆಲದ್ದೇ ಕೆಲಸ ಎಂಬಂತೆ ಬರೆಯುತ್ತಾನೆ. ನಿಜಕ್ಕೂ ಬರಕ್ಕೂ ಯುದ್ಧಕ್ಕೂ ಸಂಬಂಧ ಇರಲಿಲ್ಲವಾ? ತಿಳಿದವರು ಬರೆಯಿರಿ.

ಹಳೇ ದಿನಚರಿ

ಸಂಬಂಧ ಇತ್ತು. ಜೋರಾಗೇ ಇತ್ತು.

ಮೊದಲು ಮಳೆಯ ವಿಷಯ ಒಪ್ಪಿಕೊಳ್ಳೋಣ. 1180ರ ಬೇಸಿಗೆಯಲ್ಲಿ ಪಶ್ಚಿಮ ಜಪಾನಿನಲ್ಲಿ ಮಳೆ ಬರಲಿಲ್ಲ. ಭತ್ತ ಒಣಗಿತು. ಆದರೆ ಕ್ಯೋಟೋ ಎಂಥ ಊರು ಅಂತ ಯೋಚಿಸಿ. ಅಲ್ಲಿ ರಾಜನಿದ್ದ, ಆಸ್ಥಾನಿಕರಿದ್ದರು, ದೊಡ್ಡ ದೇವಸ್ಥಾನಗಳಿದ್ದವು, ಅವರನ್ನು ನಂಬಿಕೊಂಡ ಕುಶಲಕರ್ಮಿಗಳು, ಆಳುಗಳು ಇದ್ದರು. ಇವರ ಹೊಟ್ಟೆ ತುಂಬುತ್ತಿದ್ದದ್ದು ದೂರದ ಜಹಗೀರುಗಳಿಂದ ಗೇಣಿಯಾಗಿ ಬರುವ ಅಕ್ಕಿಯಿಂದ. ಚೋಮೆಯ್ ಕೂಡ ಇದನ್ನು ಹೇಳುತ್ತಾನೆ: ರಾಜಧಾನಿ ಎಲ್ಲಕ್ಕೂ ಹಳ್ಳಿಗಳನ್ನೇ ನಂಬಿತ್ತು, ಅಲ್ಲಿಂದ ಏನೂ ಬರುವುದು ನಿಂತುಹೋಯಿತು ಅಂತ.

ಯಾಕೆ ನಿಂತಿತು? ಪಶ್ಚಿಮದಲ್ಲಿ ಬೆಳೆ ಇರಲಿಲ್ಲ, ಸರಿ. ಪೂರ್ವದ ಪ್ರಾಂತ್ಯಗಳು 1180ರ ಕೊನೆಯ ಹೊತ್ತಿಗೆ ಕಾಮಾಕುರಾದಲ್ಲಿ ಕೂತಿದ್ದ ಮಿನಾಮೊತೊ ನೊ ಯೊರಿತೊಮೊನ ಕೈಲಿದ್ದವು. ಅವನು ದಂಗೆಕೋರ. ಅಲ್ಲಿಂದ ಗೇಣಿ ಬರುವುದು ನಿಂತಿತು. ಉತ್ತರದ ಹೊಕುರಿಕು ಕಡೆ ಇನ್ನೊಬ್ಬ ಮಿನಾಮೊತೊ, ಕಿಸೊ ಯೊಶಿನಾಕಾ ಎದ್ದ. ಜಪಾನ್ ಸಮುದ್ರದ ಕಡೆಯ ಆ ಅಕ್ಕಿ ಬಿವಾ ಸರೋವರದ ಮೇಲೆ ದೋಣಿಯಲ್ಲಿ ಕ್ಯೋಟೋಗೆ ಬರುತ್ತಿತ್ತು. ಆ ದಾರಿಯೂ ಹೋಯಿತು. ಉಳಿದ ಜಾಗಗಳಲ್ಲಿ ತೈರಾ ಸೈನ್ಯವೇ ಸೈನಿಕರ ಊಟಕ್ಕೆ ಅಂತ ಅಕ್ಕಿ ವಸೂಲಿ ಮಾಡುತ್ತಿತ್ತು.

1183ರಲ್ಲಿ ಆಸ್ಥಾನ ಯೊರಿತೊಮೊ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ಪೂರ್ವದ ಜಹಗೀರುಗಳ ಗೇಣಿ ಮತ್ತೆ ಕ್ಯೋಟೋಗೆ ಬರುವ ಹಾಗೆ ಮಾಡು, ಅಲ್ಲಿನ ನಿನ್ನ ಅಧಿಕಾರವನ್ನು ನಾವು ಒಪ್ಪುತ್ತೇವೆ ಅಂತ. ಮುಂದೆ ಸುಮಾರು 700 ವರ್ಷ ನಡೆದ ಶೋಗುನ್ ಎಂಬ ಸೇನಾಧಿಪತಿಗಳ ಆಳ್ವಿಕೆಗೆ ಮೊದಲ ಕಾನೂನುಬದ್ಧ ಕಾಲೂರಿಕೆ ಇದೇ ಅಂತ ಅನೇಕ ಇತಿಹಾಸಕಾರರು ಹೇಳುತ್ತಾರೆ. ಹಸಿದ ರಾಜಧಾನಿ ಅಕ್ಕಿಗಾಗಿ ಅರ್ಧ ದೇಶವನ್ನು ಬರೆದುಕೊಟ್ಟಿತು.

ಸುಮ್ನೆ ಓದುಗ

ಅಷ್ಟು ಹಸಿವಿನ ನಡುವೆ ಯುದ್ಧ ಮಾಡಲು ಸೈನಿಕರಿಗೆ ಊಟ ಎಲ್ಲಿಂದ ಬಂತು?

ಹಳೇ ದಿನಚರಿ

ಬರಲಿಲ್ಲ. ಅದಕ್ಕೇ 1182ರಲ್ಲಿ ಯುದ್ಧ ಹೆಚ್ಚುಕಮ್ಮಿ ನಿಂತೇ ಹೋಗಿತ್ತು. 1183ರಲ್ಲಿ ತೈರಾ ದೊಡ್ಡ ಸೈನ್ಯ ಕಟ್ಟಿಕೊಂಡು ಹೊಕುರಿಕು ಕಡೆಗೆ ಹೊರಟಿತು. ದಾರಿಯುದ್ದಕ್ಕೂ ಹಳ್ಳಿಗಳನ್ನು ದೋಚಿಕೊಂಡೇ ಹೋಯಿತು. ಕುರಿಕಾರಾ ಕಣಿವೆಯಲ್ಲಿ ಯೊಶಿನಾಕಾ ಅವರನ್ನು ಸೋಲಿಸಿದ. ತೈರಾ ಮನೆತನ ಬಾಲಕ ಚಕ್ರವರ್ತಿ ಆಂತೊಕುವನ್ನು ಕರೆದುಕೊಂಡು ಪಶ್ಚಿಮಕ್ಕೆ ಓಡಿತು. ಯೊಶಿನಾಕಾ ಕ್ಯೋಟೋಗೆ ಬಂದ.

ಅವನು ಬಂದ ಸಮಯ ನೋಡಿ. ಹೊಸ ಭತ್ತ ಕುಯ್ಲಿಗೆ ಇನ್ನೂ ಬಂದಿಲ್ಲ. ಹಳೇ ದಾಸ್ತಾನು ಎರಡು ವರ್ಷದ ಬರದಲ್ಲಿ ಮುಗಿದಿದೆ. ಅಂಥ ಊರಿಗೆ ಹಸಿದ ಸೈನ್ಯ ನುಗ್ಗಿತು. ಮನೆಗಳನ್ನು ದೋಚಿದರು. ಕುದುರೆ ಮೇವಿಗೆ ಹಸಿರು ಪೈರನ್ನೇ ಕುಯ್ದರು. ಕುಜೋ ಕಾನೆಜಾನೆ ಎಂಬ ದೊಡ್ಡ ಆಸ್ಥಾನಿಕ ತನ್ನ ದಿನಚರಿಯಲ್ಲಿ ಈ ಲೂಟಿಯ ಬಗ್ಗೆ ಬರೆದುಕೊಂಡಿದ್ದಾನೆ. ಊರವರ ಮನಸ್ಸು ಕೆಲವೇ ವಾರದಲ್ಲಿ ಯೊಶಿನಾಕಾಗೆ ತಿರುಗಿಬಿತ್ತು. ಮುಂದಿನ ವರ್ಷದ ಶುರುವಿನಲ್ಲೇ ಅವನ ಸ್ವಂತ ಬಳಗದವರೇ ಅವನನ್ನು ಕೊಂದರು.

ಕಾಮೊ ನದಿ ಪಕ್ಕದವಳು

ನಾನು ಕ್ಯೋಟೋದಲ್ಲಿ ಕೆಲಸ ಮಾಡುತ್ತಾ ಕೆಲವು ವರ್ಷಗಳಾದವು. ಈ ಚರ್ಚೆ ನೋಡಿ ಬರೆಯದೆ ಇರಲಾಗಲಿಲ್ಲ.

ಹೋಜೋಕಿಯಲ್ಲಿ ಬರುವ ಆ ಹೆಣಗಳ ಲೆಕ್ಕದ ಬಗ್ಗೆ ಯಾರೂ ಹೇಳಲಿಲ್ಲ. ನಿನ್ನಾಜಿ ದೇವಸ್ಥಾನದ ರ್ಯೂಗ್ಯೋ ಎಂಬ ಸನ್ಯಾಸಿ ಬೀದಿಯಲ್ಲಿ ಬಿದ್ದ ಹೆಣಗಳನ್ನು ಕಂಡು ತಡೆಯಲಾರದೆ ಒಂದು ಕೆಲಸಕ್ಕೆ ಇಳಿದ. ಪ್ರತಿ ಹೆಣದ ಹಣೆಯ ಮೇಲೆ 'ಅ' ಅಕ್ಷರ ಬರೆಯುತ್ತಾ ಹೋದ. ಸತ್ತವರಿಗೆ ಸದ್ಗತಿ ಸಿಗಲಿ ಅಂತ. ಬರೆಯುತ್ತಾ ಎಣಿಸಿದರು ಕೂಡ. 1182ರ ನಾಲ್ಕು ಮತ್ತು ಐದನೇ ಚಾಂದ್ರ ತಿಂಗಳುಗಳಲ್ಲಿ, ಊರಿನ ಪೂರ್ವ ಭಾಗದ ಬೀದಿಗಳಲ್ಲಿ ಮಾತ್ರ, 42,300ಕ್ಕೂ ಜಾಸ್ತಿ ಹೆಣ. ಅದಕ್ಕೆ ಮೊದಲು, ಆಮೇಲೆ ಸತ್ತವರು ಇದರಲ್ಲಿ ಇಲ್ಲ. ಕಾಮೊ ನದಿಯ ಮರಳ ಮೇಲೆ ಬಿದ್ದವರು ಇಲ್ಲ. ಊರಿನ ಪಶ್ಚಿಮ ಭಾಗ, ಹೊರವಲಯ ಇಲ್ಲ.

ಆ 'ಅ' ಜಪಾನಿ ಅಕ್ಷರವಲ್ಲ. ಸಿದ್ಧಂ ಲಿಪಿಯ ಸಂಸ್ಕೃತ ಅಕ್ಷರ. ನಿನ್ನಾಜಿ ಶಿಂಗೋನ್ ಪಂಥದ ದೇವಸ್ಥಾನ, ಅವರ ಧ್ಯಾನದಲ್ಲಿ ಈ ಅಕ್ಷರಕ್ಕೆ ದೊಡ್ಡ ಸ್ಥಾನ. ಸಿದ್ಧಂ ಕೂಡ ನಮ್ಮ ಕನ್ನಡ ಲಿಪಿಯ ಹಾಗೆ ಬ್ರಾಹ್ಮಿಯಿಂದಲೇ ಹುಟ್ಟಿದ್ದು. ನಾವು ಮಕ್ಕಳಿಗೆ ಮೊದಲು ಬರೆಸುವ ಅಕ್ಷರದ ದೂರದ ನೆಂಟ ಅದು. ಇಲ್ಲಿನ ದೇವಸ್ಥಾನಗಳಲ್ಲಿ ಆ ಅಕ್ಷರ ಕಂಡಾಗಲೆಲ್ಲ ನನಗೆ ಆ ಹಣೆಗಳೇ ನೆನಪಾಗುತ್ತವೆ.

ಈಗಿನ ಕಾಮೊ ನದಿ ದಂಡೆ ಅಂದರೆ ಸೈಕಲ್ಲು, ಕಾಲೇಜು ಹುಡುಗರ ಗಿಟಾರು. ಮಧ್ಯಯುಗದಲ್ಲಿ ಬಡವರ ಹೆಣ ತಂದು ಬಿಡುತ್ತಿದ್ದದ್ದು ಇಲ್ಲೇ. ಗೌರವದ ಅಂತ್ಯಕ್ರಿಯೆ ಎಲ್ಲರ ಕೈಗೆ ಎಟುಕುತ್ತಿರಲಿಲ್ಲ.

ಬೆಳವಲ

ಕೃಷಿ ಕಡೆಯಿಂದ ಒಂದು ಮಾತು. ಹೆಣ ಜಾಸ್ತಿ ಬಿದ್ದ ತಿಂಗಳು ನೋಡಿ. ನಾಲ್ಕು, ಐದನೇ ಚಾಂದ್ರ ತಿಂಗಳು, ಅಂದರೆ ವಸಂತದ ಕೊನೆ, ಬೇಸಿಗೆಯ ಮೊದಲು. ಅದು ಸುಗ್ಗಿಗೆ ಅತಿ ದೂರದ ಕಾಲ. ಹಿಂದಿನ ಶರತ್ಕಾಲದ ಭತ್ತ ಮುಗಿದಿರುತ್ತದೆ. ಚಳಿಗಾಲದಲ್ಲಿ ಬಿತ್ತಿದ ಬಾರ್ಲಿ ಕೈಗೆ ಬರುವುದು ಬೇಸಿಗೆ ಹೊತ್ತಿಗೆ. ನಡುವಿನ ಆ ತಿಂಗಳುಗಳನ್ನು ದಾಟಿದವನು ಬದುಕಿದ.

ಅದಕ್ಕೆ ಮಧ್ಯಯುಗದ ಜಪಾನಿನ ರೈತರು ಹಿಡಿದುಕೊಂಡ ದೊಡ್ಡ ಉಪಾಯ ಬಾರ್ಲಿ. ಭತ್ತ ಕುಯ್ದ ಗದ್ದೆಯ ನೀರು ಬಸಿದು ಬಾರ್ಲಿ ಬಿತ್ತುವುದು. 1264ರಲ್ಲಿ ಕಾಮಾಕುರಾದ ಶೋಗುನ್ ಸರ್ಕಾರ ಒಂದು ಆದೇಶ ಹೊರಡಿಸಿತು: ಭತ್ತದ ನಂತರ ಬೆಳೆದ ಬಾರ್ಲಿಯ ಮೇಲೆ ಗೇಣಿ ಕೇಳಬಾರದು, ಅದು ರೈತನದ್ದು. ಇಷ್ಟು ಒಳ್ಳೆಯ ಕಾನೂನು ಮಾಡಬೇಕಾಯಿತು ಅಂದರೆ ಜಮೀನ್ದಾರರು ಅದಕ್ಕೂ ಕೈ ಹಾಕುತ್ತಿದ್ದರು ಅಂತಲೇ ಅರ್ಥ ಅಲ್ವಾ? ಚೀನಾ ಕಡೆಯಿಂದ ಬಂದ ಚಂಪಾ ಭತ್ತವೂ ಹರಡಿತು. ಕೆಂಪಕ್ಕಿ, ರುಚಿ ಕಮ್ಮಿ, ಆದರೆ ನೀರು ಕಮ್ಮಿ ಇದ್ದರೂ ಬೇಗ ಬರುತ್ತದೆ. ಶ್ರೀಮಂತರು ಅದನ್ನು ಕೀಳಾಗಿ ನೋಡಿದರು. ಬಡವರನ್ನು ಅದು ಉಳಿಸಿತು.

1420ರಲ್ಲಿ ಕೊರಿಯಾದ ರಾಯಭಾರಿ ಸಾಂಗ್ ಹೀಗ್ಯಾಂಗ್ ಒಸಾಕಾ ಹತ್ತಿರದ ಅಮಾಗಾಸಾಕಿಯಲ್ಲಿ ಒಂದೇ ಗದ್ದೆಯಲ್ಲಿ ವರ್ಷಕ್ಕೆ ಮೂರು ಬೆಳೆ ತೆಗೆಯುವುದನ್ನು ಕಂಡು ಬರೆದಿದ್ದಾನೆ. ಬಾರ್ಲಿ, ಭತ್ತ, ಸೋಬಾ (ಬಕ್‌ವೀಟ್ ಎಂಬ ಧಾನ್ಯ). ಅದೇ ಪ್ರವಾಸದಲ್ಲಿ ದಾರಿಬದಿಯ ಹಸಿದ ಭಿಕ್ಷುಕರನ್ನೂ ಕಂಡಿದ್ದಾನೆ. ಆ ವರ್ಷವೇ ಓಯೆಯ್ ಬರ ಶುರುವಾಗಿತ್ತು. ಮೂರು ಬೆಳೆ, ಭಿಕ್ಷುಕರು, ಎರಡೂ ಒಂದೇ ದೇಶದಲ್ಲಿ, ಒಂದೇ ವರ್ಷದಲ್ಲಿ. ಹಾಗಾಗಿ ಬೇಸಾಯ ಹಿಂದುಳಿದಿತ್ತು, ಅದಕ್ಕೆ ಸತ್ತರು ಅನ್ನುವ ಸುಲಭದ ಉತ್ತರ ನನಗೆ ಒಪ್ಪಿಗೆ ಇಲ್ಲ.

ಬೂದಿಮೋಡ

ಚರ್ಚೆ ಪೂರ್ತಿ ಮನುಷ್ಯರ ಕಡೆ ವಾಲುತ್ತಿದೆ. ಆಕಾಶದ ಪಾಲನ್ನೂ ಹೇಳಬೇಕು. ನಾನು ಭೂವಿಜ್ಞಾನ ಓದಿದವನು.

1230ರ ಕಾಂಗಿ ಬರ ತೆಗೆದುಕೊಳ್ಳಿ. ಅದು ಒಣ ಬರವಲ್ಲ, ಚಳಿ ಬರ. ನಟ್ಟ ನಡು ಬೇಸಿಗೆಯಲ್ಲಿ, ಆರನೇ ಚಾಂದ್ರ ತಿಂಗಳಲ್ಲಿ, ಮಿನೊ ಮತ್ತು ಮುಸಾಶಿ ಪ್ರಾಂತ್ಯಗಳಲ್ಲಿ ಹಿಮ ಬಿತ್ತು ಅಂತ ಆಗಿನ ದಾಖಲೆಗಳಿವೆ. ಮುಸಾಶಿ ಅಂದರೆ ಈಗಿನ ಟೋಕಿಯೋ ಸುತ್ತಮುತ್ತ. ತೆನೆ ಕಟ್ಟುವ ಹೊತ್ತಿನಲ್ಲಿ ಚಳಿ ಹೊಡೆದರೆ ಭತ್ತ ಜೊಳ್ಳು. ಮುಂದಿನ ವರ್ಷ ಜನಸಂಖ್ಯೆಯ ಮೂರನೇ ಒಂದು ಪಾಲು ಸತ್ತಿತು ಅಂತ ಆ ಕಾಲದವರು ಬರೆದರು. ಅದು ಅಳೆದ ಸಂಖ್ಯೆಯಲ್ಲ, ಅವರ ಅಂದಾಜು. ಆದರೂ ಎಷ್ಟು ಭೀಕರವಾಗಿ ಕಂಡಿತ್ತು ಅನ್ನುವುದು ಗೊತ್ತಾಗುತ್ತದೆ. ಧ್ರುವ ಪ್ರದೇಶದ ಹಳೇ ಮಂಜಿನ ಪದರಗಳಲ್ಲಿ 1230ರ ಆಸುಪಾಸಿನಲ್ಲಿ ಜ್ವಾಲಾಮುಖಿಯ ಗಂಧಕದ ಗುರುತು ಇದೆ. ಎರಡಕ್ಕೂ ಸಂಬಂಧ ಇರಬಹುದು ಅಂತ ಹಲವರ ವಾದ.

1257ರದ್ದು ಇನ್ನೂ ದೊಡ್ಡದು. ಇಂಡೋನೇಷ್ಯಾದ ಲೊಂಬೊಕ್ ದ್ವೀಪದ ಸಮಾಲಸ್ ಜ್ವಾಲಾಮುಖಿ ಸಿಡಿಯಿತು. ಕಳೆದ ಕೆಲವು ಸಾವಿರ ವರ್ಷಗಳ ಅತಿ ದೊಡ್ಡ ಸ್ಫೋಟಗಳಲ್ಲಿ ಅದೂ ಒಂದು. ಮಂಜಿನಲ್ಲಿ ಗುರುತು ಮೊದಲೇ ಸಿಕ್ಕಿತ್ತು, ಯಾವ ಬೆಟ್ಟ ಅಂತ ಖಚಿತವಾದದ್ದು 2013ರಲ್ಲಿ. ಜಪಾನಿನಲ್ಲಿ 1258ರಿಂದ ಶೋಕಾ ಬರ. ಅದಕ್ಕೆ ಮೊದಲು, 1257ರಲ್ಲೇ ಕಾಮಾಕುರಾದಲ್ಲಿ ದೊಡ್ಡ ಭೂಕಂಪ ಬೇರೆ ಆಗಿತ್ತು. ಆಮೇಲೆ ಬಿರುಗಾಳಿ, ಹಸಿವು, ಸಾಂಕ್ರಾಮಿಕ ರೋಗ. ಇದನ್ನೆಲ್ಲ ಕಂಡ ನಿಚಿರೆನ್ ಸನ್ಯಾಸಿ 1260ರಲ್ಲಿ, ದೇಶ ಸರಿಯಾದ ಧರ್ಮ ಬಿಟ್ಟದ್ದೇ ಇದಕ್ಕೆ ಕಾರಣ ಅಂತ ಬರೆದು ಆಳುವವರಿಗೆ ಒಪ್ಪಿಸಿದ. ಮುಂದಿನ ವರ್ಷ ಅವನನ್ನು ಇಜುಗೆ ಗಡೀಪಾರು ಮಾಡಿದರು.

ಲೊಂಬೊಕ್‌ನ ಬೆಟ್ಟದ ಸುದ್ದಿ ಕಾಮಾಕುರಾದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸೂರ್ಯ ಯಾಕೆ ಕಾಯುತ್ತಿಲ್ಲ ಅಂತ ಅವರು ತಮ್ಮ ಪಾಪಗಳಲ್ಲಿ ಹುಡುಕಿದರು.

ಹೊಳೆಸಾಲು

@ಬೂದಿಮೋಡ ಇದು ನನಗೆ ಹೊಸದು, ಧನ್ಯವಾದ. ಆದರೆ 1230ರಲ್ಲಿ ಯುದ್ಧ ಇರಲಿಲ್ಲ. ಕಾಮಾಕುರಾ ಸರ್ಕಾರ ಗಟ್ಟಿಯಾಗಿತ್ತು. ಅಂಥ ಕಾಲದಲ್ಲಿ ಸರ್ಕಾರ ಏನಾದರೂ ಮಾಡಿತಾ?

ಹಳೇ ದಿನಚರಿ

ಮಾಡಿತು. ಆಗ ಆಡಳಿತ ಹೋಜೋ ಯಾಸುತೊಕಿ ಕೈಯಲ್ಲಿತ್ತು. 1231ರಲ್ಲಿ ಅವನು ಇಜು ಮತ್ತು ಸುರುಗಾ ಪ್ರಾಂತ್ಯಗಳಲ್ಲಿ ಅಕ್ಕಿ ಇದ್ದವರು ರೈತರಿಗೆ ಸಾಲ ಕೊಡಬೇಕು ಅಂತ ಅಪ್ಪಣೆ ಮಾಡಿದ. ಮುಂದಿನ ವರ್ಷ ಅವನೇ 51 ಕಲಮುಗಳ ಕಾನೂನು ಸಂಹಿತೆ ತಂದ. ಬರದಿಂದ ಎದ್ದ ಜಮೀನು ತಗಾದೆಗಳ ರಾಶಿ ಅದರ ಹಿಂದೆ ಇತ್ತು. 1259ರ ಬರದಲ್ಲಿ ಬಂದ ಇನ್ನೊಂದು ಆದೇಶ ನನಗೆ ತುಂಬಾ ಇಷ್ಟ: ಹಸಿದವರು ಕಾಡಿಗೆ ಹೋಗಿ ಗೆಣಸು ಅಗೆಯಬಹುದು, ಹೊಳೆಯಲ್ಲಿ ಮೀನು ಹಿಡಿಯಬಹುದು, ಸಮುದ್ರದ ಪಾಚಿ ತೆಗೆಯಬಹುದು, ಅಲ್ಲಿನ ಜಹಗೀರು ಅಧಿಕಾರಿಗಳು ತಡೆಯಬಾರದು. ಸರ್ಕಾರಕ್ಕೆ ಖಜಾನೆಯಿಂದ ಒಂದು ಕಾಳೂ ಖರ್ಚಿಲ್ಲ. ಆದರೆ ಬೇಲಿ ತೆಗೆಸಿತು.

ಆಸ್ಥಾನದ ಕಡೆಯ ಪ್ರತಿಕ್ರಿಯೆ ಬೇರೆ. ಶಕವರ್ಷದ ಹೆಸರನ್ನೇ ಬದಲಾಯಿಸುವುದು. 1182ರಲ್ಲಿ ಯೋವಾ ಹೋಗಿ ಜುಯೆಯ್ ಆದದ್ದು, 1232ರಲ್ಲಿ ಕಾಂಗಿ ಹೋಗಿ ಜೋಯೆಯ್ ಆದದ್ದು ಬರದ ಕಾರಣಕ್ಕೇ. ಕೆಟ್ಟ ಕಾಲಕ್ಕೆ ಹೊಸ ಹೆಸರಿಟ್ಟರೆ ಕಾಲ ತಿರುಗುತ್ತದೆ ಅಂತ ನಂಬಿಕೆ. ಹಗುರವಾಗಿ ನೋಡಬೇಡಿ. ಅವರ ಪಾಲಿಗೆ ಅದು ರಾಜ್ಯದ ಅತಿ ಗಂಭೀರ ಕರ್ತವ್ಯ.

ದೊಡ್ಡ ಕವಿ ಫುಜಿವಾರಾ ನೊ ತೇಕಾ ಆಗ ಕ್ಯೋಟೋದಲ್ಲೇ ಇದ್ದ. 1230ರ ಚಳಿಗಾಲ ಶುರುವಾಗುವಾಗ ತನ್ನ ಮನೆಯ ತೋಟವನ್ನು ಅಗೆಸಿ ಬಾರ್ಲಿ ಬಿತ್ತಿಸಿದ. ಅದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಹೂವು, ಚಂದ್ರನ ಮೇಲೆ ಜೀವನವಿಡೀ ಬರೆದ ಮನುಷ್ಯ.

ಇನ್ನೂ ಕಹಿಯಾದ ಒಂದು ಮಾತಿದೆ. ಈ ಬರದಲ್ಲಿ ಜನ ಮಕ್ಕಳನ್ನು ಮಾರಿದರು, ತಮ್ಮನ್ನೇ ಮಾರಿಕೊಂಡರು. ಮನುಷ್ಯರ ಮಾರಾಟ ಕಾನೂನಿಗೆ ವಿರುದ್ಧವಾಗಿತ್ತು. ಆದರೂ ಆ ವರ್ಷಗಳಲ್ಲಿ ಸರ್ಕಾರ ಕಣ್ಣು ಮುಚ್ಚಿಕೊಂಡಿತು, ಯಾಕಂದರೆ ಕೊಂಡವನು ಊಟ ಹಾಕುತ್ತಿದ್ದ. 1239ರಲ್ಲಿ ಇದನ್ನು ಬರಹದಲ್ಲೇ ಒಪ್ಪಿಕೊಂಡು, ಇನ್ನು ಮುಂದೆ ಮಾರಾಟ ನಿಷೇಧ ಅಂತ ಆದೇಶ ಮಾಡಿತು. ಬರ ಮುಗಿದ ಮೇಲೆ ಮಕ್ಕಳನ್ನು ವಾಪಸ್ ಕೇಳಿದ ತಂದೆತಾಯಿ, ಕೊಡುವುದಿಲ್ಲ ಅಂದ ಯಜಮಾನ, ಇಂಥ ಜಗಳಗಳು ತುಂಬಿದ್ದವು.

ರಾತ್ರಿಪಾಳಿ ವೈದ್ಯೆ

ಇಷ್ಟು ಹೊತ್ತು ಓದುತ್ತಿದ್ದೆ. 1461ರ ಕಾನ್ಶೋ ಬರದ ಬಗ್ಗೆ ಯಾರಾದರೂ ಬರೆಯಿರಿ. ಅಲ್ಲಿ ಗಂಜಿಕೇಂದ್ರ ನಡೆಸಿದ ಒಬ್ಬ ಸನ್ಯಾಸಿಯ ಬಗ್ಗೆ ಎಲ್ಲೋ ಓದಿದ ನೆನಪು.

ಕಾಮೊ ನದಿ ಪಕ್ಕದವಳು

ಗಾನಾಮಿ. ಅವನು ಗಂಜಿ ಹಂಚಿದ ಜಾಗ ರೊಕ್ಕಾಕುದೋ ದೇವಸ್ಥಾನದ ಹತ್ತಿರ. ಈಗ ಸುತ್ತ ಎತ್ತರದ ಆಫೀಸು ಕಟ್ಟಡಗಳು. ಇಕೆಬಾನಾ ಹೂ ಜೋಡಣೆ ಹುಟ್ಟಿದ ಜಾಗ ಅಂತ ಪ್ರವಾಸಿಗರು ಬರುತ್ತಾರೆ. ಗಂಜಿಯ ಕತೆ ಕೇಳಿಕೊಂಡು ಬರುವವರನ್ನು ನಾನು ಕಂಡಿಲ್ಲ.

1459ರಲ್ಲಿ ಮೊದಲು ಮಳೆ ಇಲ್ಲ, ಆಮೇಲೆ ಬಿರುಗಾಳಿ, ಕಾಮೊ ನದಿಯ ಪ್ರವಾಹ. 1460ರಲ್ಲಿ ಅತಿಮಳೆ, ಚಳಿ, ಮಿಡತೆ. ಜೊತೆಗೆ ಹಾತಾಕೆಯಾಮಾ ಮನೆತನದಲ್ಲಿ ಪಟ್ಟಕ್ಕಾಗಿ ದಾಯಾದಿಗಳ ಕಾಳಗ. ಅದು ನಡೆದದ್ದು ಕ್ಯೋಟೋದ ದಕ್ಷಿಣಕ್ಕಿರುವ ಕಾವಾಚಿ ಕಡೆ. ಅಲ್ಲಿನ ರೈತರು ಊರು ಬಿಟ್ಟು ರಾಜಧಾನಿಗೆ ಬಂದರು. ರಾಜಧಾನಿಯಲ್ಲಿ ಊಟ ಇರುತ್ತದೆ ಅಂತ.

ತೋಫುಕುಜಿ ದೇವಸ್ಥಾನದ ತೈಕ್ಯೊಕು ಎಂಬ ಸನ್ಯಾಸಿಯ ದಿನಚರಿ ಉಳಿದಿದೆ. 1460ರ ವಸಂತದಲ್ಲಿ ಅವನು ಬೀದಿಯಲ್ಲಿ ಒಬ್ಬ ಹೆಂಗಸನ್ನು ಕಂಡ. ಮಗುವನ್ನು ಅಪ್ಪಿಕೊಂಡು ಹೆಸರು ಹಿಡಿದು ಮತ್ತೆ ಮತ್ತೆ ಕರೆಯುತ್ತಿದ್ದಳು. ಮಗು ಸತ್ತಿತ್ತು. ಎಲ್ಲಿಂದ ಬಂದೆ ಅಂತ ಕೇಳಿದರೆ, ಕಾವಾಚಿಯಿಂದ, ಮೂರು ವರ್ಷ ಬೆಳೆ ಇಲ್ಲ, ಆದರೂ ಗೇಣಿ ವಸೂಲಿ ಬಿಡಲಿಲ್ಲ, ಕೊಡದಿದ್ದರೆ ಶಿಕ್ಷೆ, ಅದಕ್ಕೆ ಭಿಕ್ಷೆ ಬೇಡುತ್ತಾ ಬಂದೆ ಅಂದಳು. ಅವನು ತನ್ನಲ್ಲಿದ್ದ ದುಡ್ಡು ಕೊಟ್ಟು ಮುಂದೆ ಹೋದ. ಅದೇ ದಿನ ಹೂವು ನೋಡಿ ಬರುತ್ತಿದ್ದ ಶ್ರೀಮಂತರ ಮೆರವಣಿಗೆ ಎದುರಾಯಿತು. ಕುಡಿದಿದ್ದರು.

ಅವಳ ಮಾತು ಗಮನಿಸಿ. ಬೆಳೆ ಇಲ್ಲ ಅನ್ನುವಷ್ಟಕ್ಕೆ ಅವಳು ನಿಲ್ಲಿಸಲಿಲ್ಲ. ಗೇಣಿ ಬಿಡಲಿಲ್ಲ ಅಂದಳು. ಮೂಲ ಪ್ರಶ್ನೆಗೆ ಉತ್ತರ ಆ ಹೆಂಗಸೇ ಕೊಟ್ಟುಬಿಟ್ಟಿದ್ದಾಳೆ ಅಂತ ನನಗನ್ನಿಸುತ್ತದೆ.

1461ರ ಎರಡನೇ ಚಾಂದ್ರ ತಿಂಗಳಲ್ಲಿ ಗಾನಾಮಿ ಊರವರಿಂದ ಚಂದಾ ಎತ್ತಿ ಉದ್ದನೆಯ ಗುಡಿಸಲು ಕಟ್ಟಿಸಿದ. ನಡೆಯಲಾರದವರನ್ನು ಬಿದಿರಿನ ಡೋಲಿಯಲ್ಲಿ ಹೊತ್ತು ತಂದರು. ಮೊದಲು ನವಣೆ ಗಂಜಿ ಕುಡಿಸಿದರು. ಶೋಗುನ್ ಅಶಿಕಾಗಾ ಯೊಶಿಮಾಸಾ 100 ಕಾನ್‌ಮೊನ್ ಹಣ ಕೊಟ್ಟ. ಅವನ ಅರಮನೆಯ ಕೆಲಸ ಮಾತ್ರ ನಡೆದೇ ಇತ್ತು. ಚಕ್ರವರ್ತಿ ಗೋ-ಹಾನಾಜೊನೊ ಚೀನೀ ಭಾಷೆಯಲ್ಲಿ ಒಂದು ಪದ್ಯ ಬರೆದು ಶೋಗುನ್‌ನನ್ನು ಎಚ್ಚರಿಸಿದ. ಆಮೇಲೆ ಕೆಲಸ ನಿಂತಿತು. ತಿಂಗಳ ಕೊನೆಗೆ ಗಾನಾಮಿಯ ಗಂಜಿಯೂ ನಿಂತಿತು.

ರಾತ್ರಿಪಾಳಿ ವೈದ್ಯೆ

ನವಣೆ ಗಂಜಿ ಅನ್ನುವುದು ಬಡತನದ ಆಯ್ಕೆ ಮಾತ್ರ ಅಲ್ಲ. ವಾರಗಟ್ಟಲೆ ಹಸಿದ ದೇಹಕ್ಕೆ ಒಮ್ಮೆಗೇ ಹೊಟ್ಟೆ ತುಂಬಾ ಅನ್ನ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಏಕಾಏಕಿ ಕುಸಿಯುತ್ತವೆ. ಹೃದಯ ನಿಲ್ಲಬಹುದು. ಎರಡನೇ ಮಹಾಯುದ್ಧದ ಸೆರೆಶಿಬಿರಗಳಿಂದ ಬಿಡುಗಡೆಯಾದವರಲ್ಲಿ ವೈದ್ಯರು ಇದನ್ನು ಕಣ್ಣಾರೆ ಕಂಡರು. ಗಂಜಿ ಮೊದಲು, ಅನ್ನ ಆಮೇಲೆ ಅನ್ನುವುದನ್ನು ಗಾನಾಮಿಯ ಜನ ಪಾಲಿಸಿದರು ಅಂದರೆ, ಅದಕ್ಕೆ ಮೊದಲು ಎಷ್ಟು ಬರಗಳನ್ನು ಆ ಊರು ಕಂಡಿರಬೇಕು.

ಸಾವಿನ ಸಂಖ್ಯೆ ಬಗ್ಗೆ ಕೇಳಬೇಕಿತ್ತು. 82,000 ಅಂತ ಎಲ್ಲ ಕಡೆ ಬರುತ್ತದೆ. ನಂಬಬಹುದಾ?

ಹಳೇ ದಿನಚರಿ

ಅದೂ ತೈಕ್ಯೊಕುವಿನ ದಿನಚರಿಯದೇ. ಒಬ್ಬ ಸನ್ಯಾಸಿ ಮರದ ಚೂರುಗಳಿಂದ 84,000 ಪುಟ್ಟ ಸ್ತೂಪಗಳನ್ನು ಮಾಡಿ ಒಂದೊಂದು ಹೆಣದ ಮೇಲೆ ಒಂದೊಂದು ಇಟ್ಟ. ಕೊನೆಗೆ 2,000 ಉಳಿದವು. ಅಲ್ಲಿಗೆ 82,000.

84,000 ಬೌದ್ಧರ ಪವಿತ್ರ ಸಂಖ್ಯೆ. ಅಶೋಕ ಬುದ್ಧನ ಅವಶೇಷಗಳ ಮೇಲೆ 84,000 ಸ್ತೂಪ ಕಟ್ಟಿಸಿದ ಅನ್ನುವ ಕತೆಯಿಂದ ಬಂದದ್ದು. ನಮ್ಮ ಮಸ್ಕಿ, ಬ್ರಹ್ಮಗಿರಿಯಲ್ಲಿ ಶಾಸನ ಕೆತ್ತಿಸಿದ ಅದೇ ಅಶೋಕ. ಹಾಗಾಗಿ ಶುರುವಿನ ಸಂಖ್ಯೆ ಭಕ್ತಿಯದ್ದು. ಉಳಿದ 2,000 ಮಾತ್ರ ಎಣಿಸಿದ್ದು ಇರಬೇಕು. 82,000 ಅನ್ನುವುದನ್ನು ಜನಗಣತಿ ಅಂತ ಓದಬಾರದು. ಆಗಿನ ಕ್ಯೋಟೋದ ಜನಸಂಖ್ಯೆ ಸುಮಾರು ಒಂದು ಲಕ್ಷ ಅಂತ ಅಂದಾಜು. ಸತ್ತವರಲ್ಲಿ ಬಹಳಷ್ಟು ಜನ ಹೊರಗಿನಿಂದ ಬಂದವರು ಅಂತ ಇಟ್ಟುಕೊಂಡರೂ ಸಂಖ್ಯೆ ಜಾಸ್ತಿಯೇ. ಆದರೆ ಹೆಣಗಳು ಕಾಮೊ ನದಿಯ ನೀರನ್ನೇ ತಡೆಯುವಷ್ಟು ಬಿದ್ದಿದ್ದವು ಅಂತ ಅವನೇ ಬರೆಯುತ್ತಾನೆ. ಆ ಮಾತನ್ನು ನಾನು ನಂಬುತ್ತೇನೆ.

ಸುಮ್ನೆ ಓದುಗ

ಅಷ್ಟು ಜನ ಸಾಯುವಾಗ ವ್ಯಾಪಾರಿಗಳು ಅಕ್ಕಿ ತರಿಸಲಿಲ್ಲವಾ? ಬೆಲೆ ಏರಿದಾಗ ಅವರಿಗೇ ಲಾಭ ಅಲ್ವಾ?

ಬೆಳವಲ

ಅಕ್ಕಿ ತರದೇ ಇದ್ದರೆ ಲಾಭ ಇನ್ನೂ ಜಾಸ್ತಿ. 1431ರಲ್ಲಿ ಕ್ಯೋಟೋದ ಅಕ್ಕಿ ವ್ಯಾಪಾರಿಗಳು ಒಗ್ಗಟ್ಟಾಗಿ ಊರಿಗೆ ಬರುವ ಅಕ್ಕಿಯನ್ನು ತಡೆದರು. ಬೆಲೆ ಏರಿತು, ಊರು ಹಸಿಯಿತು. ಶೋಗುನ್ ಯೊಶಿನೊರಿ ವಿಚಾರಣೆಗೆ ಅಪ್ಪಣೆ ಮಾಡಿದ. ಕುದಿಯುವ ನೀರಿನಲ್ಲಿ ಕೈ ಅದ್ದಿಸಿ ಸತ್ಯ ಪರೀಕ್ಷೆ ಕೂಡ ನಡೆಯಿತು.

ದಾರಿಯ ಸುಂಕದ ಕತೆ ಬೇರೆ. ದಾರಿಯುದ್ದಕ್ಕೂ ದೇವಸ್ಥಾನದವರು, ಜಹಗೀರುದಾರರು ಗೇಟು ಹಾಕಿ ಸುಂಕ ಎತ್ತುತ್ತಿದ್ದರು. 1459ರಲ್ಲಿ, ಅಂದರೆ ಬರ ಶುರುವಾದ ವರ್ಷವೇ, ಶೋಗುನ್ ಸರ್ಕಾರ ಇಸೆ ದೇವಾಲಯದ ದುರಸ್ತಿಗೆ ಅಂತ ಕ್ಯೋಟೋದ ಏಳೂ ಬಾಗಿಲಲ್ಲಿ ಹೊಸ ಸುಂಕದ ಕಟ್ಟೆ ಹಾಕಿತು. ಊರಿಗೆ ಬರುವ ಪ್ರತಿ ಮೂಟೆಯ ಮೇಲೆ ಅದರ ಭಾರ ಬಿತ್ತು.

ಆ ಮೂಟೆ ಸಾಗಿಸುತ್ತಿದ್ದವರು ಬಾಶಾಕು, ಕುದುರೆ ಮೇಲೆ ಸರಕು ಹೊರುವ ಕೂಲಿಗಳು. ಯಾರಲ್ಲಿ ಎಷ್ಟು ಅಕ್ಕಿ ಇದೆ, ಯಾರು ಬಚ್ಚಿಟ್ಟಿದ್ದಾರೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? 1428ರಲ್ಲಿ ಬರ, ಸಾಂಕ್ರಾಮಿಕ ರೋಗ ಒಟ್ಟಿಗೆ ಬಂದಾಗ ದಂಗೆಗೆ ಮೊದಲು ಇಳಿದವರು ಬಿವಾ ಸರೋವರದ ಕಡೆಯ ಬಾಶಾಕುಗಳು. ಲೇವಾದೇವಿ ಮನೆಗಳಿಗೆ, ಸಾಕೆ ಎಂಬ ಅಕ್ಕಿ ಹೆಂಡದ ಅಂಗಡಿಗಳಿಗೆ ನುಗ್ಗಿ ಸಾಲಪತ್ರಗಳನ್ನು ಹರಿದರು. ಸಾಲ ಮನ್ನಾ ಆಗಬೇಕು ಅನ್ನುವುದು ಬೇಡಿಕೆ. ನಾರಾ ಹತ್ತಿರದ ಯಾಗ್ಯೂ ಎಂಬಲ್ಲಿ ಬಂಡೆಯ ಮೇಲೆ ಹಳ್ಳಿಯವರೇ ಕೆತ್ತಿಸಿದ ಬರಹ ಇದೆ: ಶೋಚೋ ಮೊದಲ ವರ್ಷಕ್ಕೆ (ಅಂದರೆ 1428ಕ್ಕೆ) ಹಿಂದಿನ ಯಾವ ಸಾಲವೂ ಕಾಂಬೆಯ ನಾಲ್ಕು ಹಳ್ಳಿಗಳ ಮೇಲೆ ಇಲ್ಲ. ಜಿಜೋ ಬೋಧಿಸತ್ವನ ಮೂರ್ತಿಯ ಪಕ್ಕದಲ್ಲಿ, ಕೋಲುಕೋಲಾದ ಅಕ್ಷರಗಳಲ್ಲಿ. ಪಂಡಿತರು ಬರೆದದ್ದಲ್ಲ ಅಂತ ನೋಡಿದರೇ ತಿಳಿಯುತ್ತದೆ. ರೈತರು ಗೆದ್ದದ್ದನ್ನು ರೈತರೇ ಬರೆದದ್ದು ಪ್ರಪಂಚದಲ್ಲಿ ಎಷ್ಟು ಕಡೆ ಉಳಿದಿದೆ?

ಬೂದಿಮೋಡ

ಭೂಕಂಪದ ವಿಷಯ ಬಿಟ್ಟೇ ಹೋಯಿತು, ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. 1185ರ ಭೂಕಂಪ ಆದದ್ದು ದಾನ್-ನೊ-ಉರಾದ ಕಡಲ ಕಾಳಗ ಮುಗಿದು ಸುಮಾರು ನಾಲ್ಕು ತಿಂಗಳಿಗೆ. ಆ ಕಾಳಗದಲ್ಲಿ ತೈರಾ ಮನೆತನ ಮುಳುಗಿತು. ಆರು ವರ್ಷದ ಆಂತೊಕುವನ್ನು ಅಜ್ಜಿ ಎತ್ತಿಕೊಂಡು ಸಮುದ್ರಕ್ಕೆ ಹಾರಿದ್ದಳು. ನೆಲ ನಡುಗಿದಾಗ ಜನ, ತೈರಾ ಮನೆತನದ ಯಜಮಾನನಾಗಿದ್ದು ಸತ್ತ ಕಿಯೊಮೊರಿ ಡ್ರ್ಯಾಗನ್ ಆಗಿ ನಡುಗಿಸುತ್ತಿದ್ದಾನೆ ಅಂದರು. ಯುದ್ಧವನ್ನೂ ಭೂಕಂಪವನ್ನೂ ಬೇರೆ ಬೇರೆ ಅಂತ ಅವರು ನೋಡಲೇ ಇಲ್ಲ.

1293ರ ಕಾಮಾಕುರಾ ಭೂಕಂಪದಲ್ಲಿ ಸತ್ತವರು 23,024 ಅಂತ ದಾಖಲೆ. ಆ ಗಲಿಬಿಲಿಯಲ್ಲೇ ಆಗ ಆಡಳಿತ ನಡೆಸುತ್ತಿದ್ದ ಹೋಜೋ ಸಾದಾತೊಕಿ ತನ್ನ ಮನೆಯ ಬಲಾಢ್ಯ ಅಧಿಕಾರಿ ತೈರಾ ನೊ ಯೊರಿತ್ಸುನಾ ಮೇಲೆ ದಾಳಿ ಮಾಡಿ ಮುಗಿಸಿದ. 1498ರಲ್ಲಿ ಸುನಾಮಿ ಹಾಮಾನಾ ಸರೋವರಕ್ಕೂ ಸಮುದ್ರಕ್ಕೂ ನಡುವಿನ ನೆಲ ಒಡೆಯಿತು. ಸಿಹಿನೀರಿನ ಸರೋವರ ಉಪ್ಪಾಯಿತು, ಈಗಲೂ ಹಾಗೇ ಇದೆ. ಸುಜುಕಿ ಕಂಪನಿಯ ತವರೂರು ಹಾಮಾಮಾತ್ಸು ಇರುವುದು ಅದರ ಪಕ್ಕದಲ್ಲೇ. ಅದೇ ಸುನಾಮಿಯಲ್ಲಿ ಅನೊತ್ಸು ಎಂಬ ದೊಡ್ಡ ಬಂದರು ಹಾಳಾಯಿತು.

ಹೊಳೆಸಾಲು

ಕೊನೆಯ ಪ್ರಶ್ನೆ. ಇಷ್ಟು ಹೊತ್ತು ಯುದ್ಧದಿಂದ ಹಸಿವು ಹೇಗೆ ಹೆಚ್ಚಿತು ಅಂತ ನೋಡಿದೆವು. ಹಸಿವಿನಿಂದ ಯುದ್ಧ ಹುಟ್ಟಿದ್ದೂ ಇದೆಯಾ? ಕಾನ್ಶೋ ಬರ ಮುಗಿದ ಆರೇ ವರ್ಷಕ್ಕೆ, 1467ರಲ್ಲಿ ಓನಿನ್ ಯುದ್ಧ ಶುರುವಾಗಿ ಕ್ಯೋಟೋ ಸುಟ್ಟು ಬೂದಿಯಾಯಿತು. ಕಾಕತಾಳೀಯ ಅಂತ ನನಗನ್ನಿಸುವುದಿಲ್ಲ.

ಹಳೇ ದಿನಚರಿ

ಯುದ್ಧಕ್ಕೆ ಕಾರಣ ಹಾತಾಕೆಯಾಮಾ, ಶಿಬಾ, ಶೋಗುನ್ ಮನೆತನಗಳ ಪಟ್ಟದ ಜಗಳ. ಆದರೆ 11 ವರ್ಷ ಆ ಯುದ್ಧ ಮಾಡಿದವರು ಯಾರು? ಅಶಿಗಾರು ಎಂಬ ಹೊಸ ಥರದ ಕಾಲಾಳುಗಳು. ಕವಚ ಇಲ್ಲ, ಕುದುರೆ ಇಲ್ಲ, ವಂಶದ ಹೆಸರಿಲ್ಲ. ಹಳ್ಳಿ ಬಿಟ್ಟವರು, ಕೆಲಸ ಇಲ್ಲದವರು, ಸಾಲದಲ್ಲಿ ಮುಳುಗಿದವರು. ಸಂಬಳ ಅಂತ ಬೇರೆ ಇರಲಿಲ್ಲ. ದೋಚಿದ್ದು ನಿನ್ನದು, ಅಷ್ಟೇ. ಕೆಲವೇ ವರ್ಷದ ಹಿಂದೆ ಸಾಲದ ದಂಗೆಗಳಲ್ಲಿ ಲೇವಾದೇವಿ ಮನೆಗಳಿಗೆ ನುಗ್ಗಿದ ಥರದ ಜನರೇ ಈಗ ಸೇನಾಪತಿಗಳ ಬಾವುಟದ ಕೆಳಗೆ ನಿಂತರು.

ಫುಜಿಕಿ ಹಿಸಾಶಿ ಎಂಬ ಇತಿಹಾಸಕಾರರು ಇದನ್ನು ಮುಂದಿನ ನೂರು ವರ್ಷಕ್ಕೂ ವಿಸ್ತರಿಸಿ ನೋಡಿದರು. ಅವರ ಪ್ರಕಾರ ಬಡ ಹಳ್ಳಿಯವನಿಗೆ ರಣರಂಗವೆಂದರೆ ಸುಗ್ಗಿ ಇಲ್ಲದ ತಿಂಗಳುಗಳಲ್ಲಿ ಹೊಟ್ಟೆ ಹೊರೆಯುವ ಕೆಲಸ. 16ನೇ ಶತಮಾನದ ಸೇನಾಪತಿ ಉಯೆಸುಗಿ ಕೆನ್ಶಿನ್‌ನನ್ನು ಜಪಾನಿನಲ್ಲಿ ಧರ್ಮಿಷ್ಠ ವೀರ ಅಂತ ಕೊಂಡಾಡುತ್ತಾರೆ. ಅವನ ಎಚಿಗೊ ಪ್ರಾಂತ್ಯ ಚಳಿಗಾಲದಲ್ಲಿ ಆಳೆತ್ತರದ ಹಿಮದಡಿ ಹೂತುಹೋಗುತ್ತದೆ, ಏನೂ ಬೆಳೆಯುವುದಿಲ್ಲ. ಅವನು ಈಗಿನ ಟೋಕಿಯೋ ಸುತ್ತಲಿನ ಕಾಂತೋ ಬಯಲಿಗೆ ಎಷ್ಟು ಸಲ ದಂಡೆತ್ತಿ ಹೋದ, ಯಾವ ತಿಂಗಳಲ್ಲಿ ಹೋದ ಅಂತ ಫುಜಿಕಿ ಲೆಕ್ಕ ಹಾಕಿದರು. ಚಳಿಗಾಲದಲ್ಲಿ ಅಲ್ಲೇ ಉಳಿದು, ಬಾರ್ಲಿ ಮಾಗುವ ಹೊತ್ತಿಗೆ ವಾಪಸ್ ಬಂದ ದಂಡಯಾತ್ರೆಗಳೇ ಬಹಳ. ಒಂದು ಇಡೀ ಸೈನ್ಯಕ್ಕೆ ಹಸಿವಿನ ತಿಂಗಳುಗಳಲ್ಲಿ ಬೇರೆಯವರ ಊರಲ್ಲಿ ಊಟ.

ಆ ಊರಿನವರ ಗತಿ? 1566ರಲ್ಲಿ ಹಿತಾಚಿ ಪ್ರಾಂತ್ಯದ ಓದಾ ಕೋಟೆ ಬಿದ್ದಾಗ, ಕೆನ್ಶಿನ್‌ನ ಅಪ್ಪಣೆಯಂತೆ ಅಲ್ಲೇ ಮನುಷ್ಯರ ಸಂತೆ ನಡೆಯಿತು ಅಂತ ಒಂದು ವೃತ್ತಾಂತ ಹೇಳುತ್ತದೆ. ತಲೆಗೆ 20, 30 ಮೊನ್. ತಾಮ್ರದ ಕಾಸು. 1230ರ ಬರದಲ್ಲಿ ತಂದೆತಾಯಿ ಮಕ್ಕಳನ್ನು ಮಾರಿದ್ದರು. ಇಲ್ಲಿ ಬೇರೊಂದು ಹಳ್ಳಿಯ ಹಸಿದವನು ಬಂದು ಹಿಡಿದುಕೊಂಡು ಹೋಗಿ ಮಾರಿದ.

ಬೆಳವಲ

ಇದಕ್ಕೆ ಹೊಂದುವ ಒಂದು ದಾಖಲೆ ಹೇಳುತ್ತೇನೆ. ಚಿಬಾ ಪ್ರಾಂತ್ಯದ ಹೊಂದೋಜಿ ದೇವಸ್ಥಾನದಲ್ಲಿ ಭಕ್ತರ ಸಾವಿನ ಪಟ್ಟಿ ಇದೆ. ಯಾರು, ಯಾವ ತಿಂಗಳು, ಯಾವ ದಿನ ಸತ್ತರು ಅಂತ, ತಲೆಮಾರುಗಳಿಂದ ಬರೆದದ್ದು. ರಾಜರ ಪಟ್ಟಿ ಅಲ್ಲ, ಸಾಮಾನ್ಯರೂ ಇದ್ದಾರೆ. ತಾಮುರಾ ನೊರಿಯೊಶಿ ಎಂಬ ಸಂಶೋಧಕರು ಅದನ್ನು ತಿಂಗಳ ಪ್ರಕಾರ ಎಣಿಸಿದರು. ಸಾವು ಜಾಸ್ತಿ ಇರುವುದು ವಸಂತದಿಂದ ಬೇಸಿಗೆಯ ಮೊದಲ ಭಾಗದವರೆಗೆ. ಬಾರ್ಲಿ ಬಂದ ಮೇಲೆ ಕಮ್ಮಿ. ದೊಡ್ಡ ಬರ ಅಂತ ಹೆಸರು ಪಡೆಯದ ವರ್ಷಗಳಲ್ಲೂ ಇದೇ ಏರಿಳಿತ. ಅಂದರೆ ಪುಸ್ತಕಗಳಲ್ಲಿ ಹೆಸರಿರುವ ಯೋವಾ, ಕಾಂಗಿ, ಕಾನ್ಶೋ ಮಾತ್ರವಲ್ಲ, ಹೆಸರಿಲ್ಲದ ಹಸಿವು ಆ ಜನರಿಗೆ ಪ್ರತಿ ವರ್ಷವೂ ಬರುತ್ತಿತ್ತು. ಪಟ್ಟಿಯನ್ನು ತಿಂಗಳುವಾರು ಚಿತ್ರ ಮಾಡಿಟ್ಟಿದ್ದೇನೆ, ಬೇಕಾದವರು ಕೇಳಿ, ಹಾಕುತ್ತೇನೆ.

ರಾತ್ರಿಪಾಳಿ ವೈದ್ಯೆ

ಹಾಕಿ. ಸಾಧ್ಯವಾದರೆ ಮಕ್ಕಳು, ದೊಡ್ಡವರು ಬೇರೆ ಬೇರೆ ಮಾಡಿ ಹಾಕಿ.